ನೈಜೀರಿಯಾಕ್ಕೆ ಮಾಲು ಕಳಿಸೋರು ಓದಿ: ಕನ್ಫರ್ಮ್ಡ್ ಎಲ್‌ಸಿ ಸರ್ವಿಸ್ ಬಗ್ಗೆ ನನ್ನ ರಿವ್ಯೂ

ಮೊದಲೇ ಹೇಳಿಬಿಡ್ತೀನಿ, 5ಕ್ಕೆ 4 ಸ್ಟಾರ್ ಕೊಡ್ತೀನಿ, ಕಟ್ ಮಾಡಿದ ಒಂದು ಸ್ಟಾರ್ ಯಾಕೆ ಅಂತ ಕೆಳಗೆ ಬರತ್ತೆ. ರಿವ್ಯೂ ಮಾಡ್ತಿರೋದು ಮುಂಬೈ ಫೋರ್ಟ್‌ನಲ್ಲಿರೋ ಒಂದು ಪ್ರೈವೇಟ್ ಬ್ಯಾಂಕಿನ ಟ್ರೇಡ್ ಫೈನಾನ್ಸ್ ಡೆಸ್ಕ್ ಕೊಡೋ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಅಂದ್ರೆ ಮಾಲಿನ ದುಡ್ಡಿಗೆ ಬ್ಯಾಂಕು ಕೊಡೋ ಖಾತ್ರಿ ಪತ್ರ) ಕನ್ಫರ್ಮೇಶನ್ ಸರ್ವಿಸ್‌ನ. ಬ್ಯಾಂಕ್ ಹೆಸರು ಬರೀತಿಲ್ಲ, ಈ ಸರ್ವಿಸ್ ಸುಮಾರು ದೊಡ್ಡ ಬ್ಯಾಂಕ್‌ಗಳೆಲ್ಲ ಕೊಡ್ತವೆ, ನಾನು ಹೇಳೋ ಮುಕ್ಕಾಲು ಪಾಲು ವಿಷ್ಯ ಎಲ್ಲ ಕಡೆಗೂ ಹೊಂದತ್ತೆ. ಮಾಟುಂಗಾ ಕಡೆ ಸಂಘದ ಪ್ರೋಗ್ರಾಮ್‌ಗೆ ಹೋದಾಗೆಲ್ಲ ಯಾರಾದ್ರೂ ಒಬ್ರು ಹಿಡ್ಕೊಂಡು ಕೇಳ್ತಾರೆ, "ಅಲ್ಲ ಮಾರಾಯ್ರೆ, ನೈಜೀರಿಯಾದವರಿಗೆ ಮಾಲು ಕಳಿಸ್ತೀರಲ್ಲ, ದುಡ್ಡು ಬರ್ತದಾ?" ಅಂತ. ಬರತ್ತೆ. ಆದ್ರೆ ಹೇಗೆ ಬರತ್ತೆ, ಯಾವಾಗ ಬರಲ್ಲ ಅನ್ನೋದು ಊಟದ ಸಾಲಲ್ಲಿ ನಿಂತು ಹೇಳಿ ಮುಗಿಸೋ ವಿಷ್ಯ ಅಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ನಮ್ಮದು ಅಂಧೇರಿ ಈಸ್ಟ್‌ನಲ್ಲಿ ಸಣ್ಣ ಮರ್ಚಂಟ್ ಎಕ್ಸ್‌ಪೋರ್ಟ್ ಆಫೀಸು. ನಾನು, ನಮ್ಮ ಭಾವ, ಮತ್ತೆ ಡಾಕ್ಯುಮೆಂಟ್ಸ್ ನೋಡ್ಕೊಳೋ ಹುಡುಗ್ರು, ಅಷ್ಟೇ. ವಸಾಯಿ, ಪಾಲ್ಘರ್, ದಮನ್ ಕಡೆ ಫ್ಯಾಕ್ಟರಿಗಳಿಂದ ಔಷಧಿ ತಗೊಂಡು ನ್ಹಾವಾ ಶೇವಾದಿಂದ ಲೇಗೋಸ್‌ನ ಅಪಾಪಾ ಪೋರ್ಟ್‌ಗೆ ಕಳಿಸ್ತೀವಿ. ಮಲೇರಿಯಾ ಮಾತ್ರೆ, ಬಿಪಿ ಮಾತ್ರೆ, ಶುಗರ್ ಮಾತ್ರೆ, ಆಂಟಿಬಯೋಟಿಕ್ ಇಂಜೆಕ್ಷನ್. ಹೊಸದಾಗಿ ಶುರು ಮಾಡೋರು ಒಂದು ನೆನಪಿಟ್ಕೊಳಿ, ಪ್ಯಾರಾಸಿಟಮಾಲ್ ಮಾತ್ರೆಯಂಥ ಕೆಲವು ಔಷಧಿ ಅಲ್ಲಿ ಇಂಪೋರ್ಟ್ ನಿಷೇಧದ ಲಿಸ್ಟ್‌ನಲ್ಲಿವೆ, ಲೋಕಲ್ ಫ್ಯಾಕ್ಟರಿಗಳಿಗೆ ಅಂತ ಕಾಯ್ದಿಟ್ಟಿದಾರೆ, ಮಿಕ್ಕಿದ್ದಕ್ಕೆಲ್ಲ ಅಲ್ಲಿನ ನಾಫ್ಡ್ಯಾಕ್ (ಔಷಧಿ ನಿಯಂತ್ರಣ ಸಂಸ್ಥೆ) ರಿಜಿಸ್ಟ್ರೇಶನ್ ಬೇಕೇ ಬೇಕು. ಮತ್ತೆ ಬಯರ್ ತನ್ನ ಬ್ಯಾಂಕಲ್ಲಿ ಫಾರ್ಮ್ ಎಂ ಅಂತ (ಇಂಪೋರ್ಟ್ ಮಾಡೋಕೆ ಅಲ್ಲಿ ಬೇಕಾದ ಅರ್ಜಿ) ಓಪನ್ ಮಾಡಿಸದೆ ಇಲ್ಲಿಂದ ಕಂಟೇನರ್ ಹೊರಡಿಸ್ಲೇಬೇಡಿ.

ಈಗ ಸರ್ವಿಸ್ ಏನು ಅಂತ. ಮಾಮೂಲಿ ಎಲ್‌ಸಿ ಅಂದ್ರೆ ಲೇಗೋಸ್‌ನ ಬಯರ್ ಪರವಾಗಿ ಅಲ್ಲಿನ ಬ್ಯಾಂಕು "ಡಾಕ್ಯುಮೆಂಟ್ಸ್ ಸರಿ ಇದ್ರೆ ನಾನು ದುಡ್ಡು ಕೊಡ್ತೀನಿ" ಅಂತ ಮಾತು ಕೊಡೋದು. ಕನ್ಫರ್ಮ್ಡ್ ಎಲ್‌ಸಿಯಲ್ಲಿ ಆ ಮಾತಿನ ಮೇಲೆ ಇನ್ನೊಂದು ಬ್ಯಾಂಕು, ಇಲ್ಲಿ ನಮ್ಮ ಮುಂಬೈ ಬ್ಯಾಂಕು, ತನ್ನದೂ ಒಂದು ಮಾತು ಸೇರಿಸತ್ತೆ, ಲೇಗೋಸ್ ಬ್ಯಾಂಕು ಕಳಿಸ್ಲಿ ಬಿಡ್ಲಿ, ಅವರ ದೇಶದಿಂದ ಡಾಲರ್ ಹೊರಗೆ ಬರ್ಲಿ ಬಿಡ್ಲಿ, ನಿಮ್ಮ ಪೇಪರ್ ಸರಿ ಇದ್ರೆ ನಾನು ಕೊಡ್ತೀನಿ, ಆಮೇಲೆ ನಿಮ್ಮ ಹತ್ರ ವಾಪಸ್ ಕೇಳಲ್ಲ ಅಂತ. ಇದಕ್ಕೆ ಫೀಸು ಇದೆ, ಎಲ್‌ಸಿ ಮೊತ್ತದ ಮೇಲೆ ಪರ್ಸೆಂಟ್ ಲೆಕ್ಕ, ಮೂರು ತಿಂಗಳಿಗಿಷ್ಟು ಅಂತ. ಆ ಫೀಸು ನೋಡಿ ನಮ್ಮ ಭಾವ ಮೊದಲ ಸಲ "ಇಷ್ಟು ಕೊಟ್ರೆ ನಮಗೆ ಉಳಿಯೋದೇನು, ಆ ಬಯರ್ ನಮಗೆ ಗೊತ್ತಿರೋನೇ ಅಲ್ವಾ" ಅಂತ ಕೂತ್ಬಿಟ್ರು.

ಆಗ ಆ ಡೆಸ್ಕ್‌ನಲ್ಲಿದ್ದ ಮೇಡಂ, ಹುಬ್ಬಳ್ಳಿ ಕಡೆಯವರು, ನಾವು ಕನ್ನಡದವರು ಅಂತ ಗೊತ್ತಾದ ಮೇಲೆ ಆರಾಮಾಗಿ ಕೂರಿಸಿ ಹೇಳಿದ್ರು: "ಸರ್, ನಿಮ್ಮ ಪಾರ್ಟಿ ಚಲೋ ಅದಾರ್ರೀ, ಅದ್ರಾಗ ಏನೂ ಡೌಟ್ ಇಲ್ಲ. ಆದ್ರ ಅವ್ರ ಕಡೆ ನೈರಾ (ಅಲ್ಲಿನ ಕರೆನ್ಸಿ) ಇದ್ರ ಏನ್ ಬಂತ್ರೀ, ಅವ್ರ ಸೆಂಟ್ರಲ್ ಬ್ಯಾಂಕಿನ್ಯಾಗ ಡಾಲರ್ ಇರ್ಬೇಕಲ್ರೀ." ಈ ರಿವ್ಯೂದಲ್ಲಿ ನಾನು ಹೇಳಬೇಕು ಅಂತಿರೋದು ಪೂರ್ತಿ ಇದೇ. ಎಣ್ಣೆ ಮಾರಿ ಬದುಕೋ ದೇಶಕ್ಕೆ ಮಾಲು ಕಳಿಸುವಾಗ ನಾವು ಸಾಲ ಕೊಡ್ತಿರೋದು ಆ ಬಯರ್‌ಗೆ ಅನ್ಕೊಂಡಿರ್ತೀವಿ, ನಿಜವಾಗಿ ಕೊಡ್ತಿರೋದು ಆ ದೇಶದ ಡಾಲರ್ ಡಬ್ಬಿಗೆ.

ನೈಜೀರಿಯಾದ ಎಕ್ಸ್‌ಪೋರ್ಟ್ ದುಡ್ಡಲ್ಲಿ ಹತ್ರಹತ್ರ 80-90 ಪರ್ಸೆಂಟ್ ಎಣ್ಣೆ ಮತ್ತು ಗ್ಯಾಸಿಂದಲೇ. ಒಬ್ಬನ ಸಂಬಳದ ಮೇಲೆ ನಡೆಯೋ ಮನೆ ಇದ್ದಂಗೆ, ಆ ಸಂಬಳ ನಿಂತ್ರೆ ಹಾಲಿನವನಿಂದ ಹಿಡಿದು ಕಿರಾಣಿ ಅಂಗಡಿಯವನ ತನಕ ಎಲ್ಲರಿಗೂ ಬಾಕಿ. 2014ರ ಜೂನ್‌ನಲ್ಲಿ ಬ್ರೆಂಟ್, ಅಂದ್ರೆ ಕಚ್ಚಾ ಎಣ್ಣೆಯ ಅಂತರರಾಷ್ಟ್ರೀಯ ರೇಟು, ಬ್ಯಾರೆಲ್‌ಗೆ 115 ಡಾಲರ್ ಹತ್ರ ಇತ್ತು, 2016ರ ಜನವರಿಗೆ 30ಕ್ಕಿಂತ ಕೆಳಗೆ. ಆಗ ಅವರ ಸೆಂಟ್ರಲ್ ಬ್ಯಾಂಕ್ ಏನ್ ಮಾಡ್ತು ಅಂದ್ರೆ ನೈರಾವನ್ನ ಡಾಲರ್‌ಗೆ 197-199ರಲ್ಲಿ ಬಲವಂತವಾಗಿ ಹಿಡಿದಿಟ್ತು, 2015ರ ಜೂನ್‌ನಲ್ಲಿ 41 ಐಟಂಗಳಿಗೆ ಬ್ಯಾಂಕಿಂದ ಡಾಲರ್ ಕೊಡಲ್ಲ ಅಂತು, ಅಕ್ಕಿ, ಸಿಮೆಂಟು, ಪಾಮ್ ಆಯಿಲ್, ಹಲ್ಲುಕಡ್ಡಿ ಸಮೇತ ಆ ಲಿಸ್ಟಲ್ಲಿತ್ತು. ಹೊರಗೆ ಬ್ಲ್ಯಾಕ್‌ನಲ್ಲಿ 300ರ ಮೇಲೆ ಹೋಯ್ತು. 2016ರಲ್ಲಿ ಇಕಾನಮಿ 1.6 ಪರ್ಸೆಂಟ್ ಕುಗ್ತು, ಇಪ್ಪತ್ತೈದು ವರ್ಷದಲ್ಲಿ ಮೊದಲ ರಿಸೆಶನ್. ಆ ಟೈಮಲ್ಲಿ ಓಪನ್ ಅಕೌಂಟಲ್ಲಿ (ಬ್ಯಾಂಕ್ ಖಾತ್ರಿ ಇಲ್ಲದೆ, ಬಯರ್ ಮೇಲಿನ ನಂಬಿಕೆಯಲ್ಲಿ ಸಾಲಕ್ಕೆ) ಮಾಲು ಬಿಟ್ಟಿದ್ದ ಮಸ್ಜಿದ್ ಬಂದರ್ ಕಡೆಯ ವ್ಯಾಪಾರಿಗಳು ದುಡ್ಡಿಗೆ ಎಷ್ಟು ಕಾದ್ರು ಅನ್ನೋದು ಆ ಲೈನಲ್ಲಿರೋ ಎಲ್ಲರಿಗೂ ಗೊತ್ತು. ಬಯರ್ ನೈರಾ ಕಟ್ಟಿ ಕೂತಿದಾನೆ, ಅವನ ಬ್ಯಾಂಕು ಡಾಲರ್‌ಗೆ ಕ್ಯೂನಲ್ಲಿ ನಿಂತಿದೆ.

ಇದರಲ್ಲಿ ನನಗೆ ನಿಜವಾಗ್ಲೂ ಬೇಜಾರಾಗೋ ವಿಷ್ಯ ಏನಂದ್ರೆ ಆ ದೇಶ ಒಂದ್ಸಲ ತನ್ನ ವಿದೇಶಿ ಸಾಲದ ದೊಡ್ಡ ಪಾಲಿನಿಂದ ಹೊರಗೆ ಬಂದಿತ್ತು. 2005ರಲ್ಲಿ ಎನ್‌ಗೋಜಿ ಒಕೊಂಜೊ-ಇವೇಲಾ ಫೈನಾನ್ಸ್ ಮಿನಿಸ್ಟರ್ ಆಗಿದ್ದಾಗ ಪ್ಯಾರಿಸ್ ಕ್ಲಬ್ (ಸಾಲ ಕೊಟ್ಟ ದೇಶಗಳ ಗುಂಪು) ದೇಶಗಳ ಜೊತೆ ಕೂತು ಮಾತಾಡಿ, ಸುಮಾರು 30 ಬಿಲಿಯನ್ ಡಾಲರ್ ಸಾಲದಲ್ಲಿ 18 ಬಿಲಿಯನ್ ಮಾಫಿ ಮಾಡಿಸಿ, ಉಳಿದ 12 ಬಿಲಿಯನ್ ಎಣ್ಣೆ ದುಡ್ಡಲ್ಲೇ ಕಟ್ಟಿ 2006ರಲ್ಲಿ ಚುಕ್ತಾ ಮಾಡಿದ್ರು. ಈಗ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ನಡೆಸ್ತಿರೋರು ಇವರೇ. ಎಣ್ಣೆ ಬೆಲೆ ಬಜೆಟ್‌ನಲ್ಲಿ ಹಿಡಿದದ್ದಕ್ಕಿಂತ ಮೇಲೆ ಹೋದ್ರೆ ಹೆಚ್ಚಿನ ದುಡ್ಡನ್ನ ಬೇರೆ ಅಕೌಂಟಲ್ಲಿ ಇಡೋದು ಅಂತ ರೂಲೂ ಮಾಡಿದ್ರು. ಎಷ್ಟು ಒಳ್ಳೆ ಕೆಲಸ ನೋಡಿ. ಆಮೇಲೆ ಆ ಅಕೌಂಟ್ ಹೆಚ್ಚೂಕಮ್ಮಿ ಖಾಲಿ ಆಯ್ತು, 2014ರಲ್ಲಿ ಬೆಲೆ ಬಿದ್ದಾಗ ಕೈಯಲ್ಲಿ ಬಹಳ ಕಮ್ಮಿ ಉಳಿದಿತ್ತು.

ಎಣ್ಣೆ ಬೆಲೆ ಏರಿದ್ರೆ ನಮ್ಮ ದುಡ್ಡು ಸೇಫ್ ಅಂತ ಅನ್ಕೊಳೋದೂ ಬೇಡ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಬ್ರೆಂಟ್ 120 ದಾಟ್ತು, ಆದ್ರೆ ಅದೇ ವರ್ಷ ಆಗಸ್ಟ್‌ನಲ್ಲಿ ನೈಜೀರಿಯಾದ ಉತ್ಪಾದನೆ ದಿನಕ್ಕೆ 10 ಲಕ್ಷ ಬ್ಯಾರೆಲ್‌ಗಿಂತ ಕೆಳಗೆ ಇಳೀತು, ಪೈಪ್‌ಲೈನ್ ಕೊರೆದು ಕಳ್ಳತನ. ಇನ್ನೊಂದು ಕಡೆ ಕಚ್ಚಾ ಎಣ್ಣೆ ಮಾರೋ ದೇಶ ಪೆಟ್ರೋಲ್ ಹೊರಗಿಂದ ತರಿಸ್ಕೊಳ್ತಿತ್ತು, ಸರ್ಕಾರದ ರಿಫೈನರಿಗಳು ನಿಂತು ಎಷ್ಟೋ ಕಾಲ ಆಗಿತ್ತು, ಆ ಪೆಟ್ರೋಲ್‌ಗೆ ಸಬ್ಸಿಡಿ ಅಂತ 2022 ಒಂದೇ ವರ್ಷ 4 ಲಕ್ಷ ಕೋಟಿ ನೈರಾಗಿಂತ ಹೆಚ್ಚು ಹೋಯ್ತು. ಅಂದ್ರೆ ಬೆಲೆ ಏರಿದಷ್ಟೂ ಸಬ್ಸಿಡಿ ಖರ್ಚೂ ಏರೋದು, ಡಾಲರ್ ಡಬ್ಬಿ ಮಾತ್ರ ತುಂಬಲ್ಲ. ವಿಮಾನ ಕಂಪನಿಗಳು ಅಲ್ಲಿ ಟಿಕೆಟ್ ಮಾರಿದ ದುಡ್ಡನ್ನೇ ಹೊರಗೆ ತರೋಕಾಗದೆ ಒದ್ದಾಡಿದ್ವು, ಎಮಿರೇಟ್ಸ್ 2022ರಲ್ಲಿ ಲೇಗೋಸ್ ಫ್ಲೈಟೇ ನಿಲ್ಲಿಸ್ತು, ಮತ್ತೆ ಶುರು ಮಾಡಿದ್ದು 2024ರ ಅಕ್ಟೋಬರ್ 1ಕ್ಕೆ. ಎಮಿರೇಟ್ಸ್‌ಗೇ ಹೀಗಾದ್ರೆ ಅಂಧೇರಿಯ ಸಣ್ಣ ಆಫೀಸಿನ ಗತಿ ಏನು. 2023ರ ಜನವರಿಯಲ್ಲಿ ರೇಟಿಂಗ್ ಕಂಪನಿ ಮೂಡೀಸ್ ನೈಜೀರಿಯಾದ ರೇಟಿಂಗ್‌ನ ಸಿಎಎ1ಕ್ಕೆ (ಸಾಲ ಕೊಡೋರಿಗೆ ಬಹಳ ರಿಸ್ಕು ಅನ್ನೋ ದರ್ಜೆ) ಇಳಿಸ್ತು, ಆಗ ನಮ್ಮ ಬ್ಯಾಂಕಿನ ಕನ್ಫರ್ಮೇಶನ್ ಫೀಸೂ ಏರ್ತು, ಕೆಲವು ಲೇಗೋಸ್ ಬ್ಯಾಂಕ್‌ಗಳ ಎಲ್‌ಸಿ ತಂದ್ರೆ "ಲಿಮಿಟ್ ಇಲ್ಲ" ಅಂತ ವಾಪಸ್ ಕಳಿಸ್ತಿದ್ರು.

ಈ ಸರ್ವಿಸ್ ಏನು ಅಂತ ನಿಜವಾಗಿ ಗೊತ್ತಾಗಿದ್ದು 2023ರಲ್ಲೇ. ಮೇ 29ಕ್ಕೆ ಟಿನುಬು ಪ್ರೆಸಿಡೆಂಟ್ ಆದ್ರು, ಅದೇ ದಿನ ಪೆಟ್ರೋಲ್ ಸಬ್ಸಿಡಿ ಹೋಯ್ತು ಅಂದ್ರು, ಲೀಟರಿಗೆ 185 ನೈರಾ ಆಸುಪಾಸು ಇದ್ದದ್ದು ಎರಡು ದಿನದಲ್ಲಿ 500 ಹತ್ರ. ಜೂನ್ 14ಕ್ಕೆ ನೈರಾನ ಬಿಟ್ರು, ಅಲ್ಲೀತನಕ ಡಾಲರ್‌ಗೆ 460-470 ಇದ್ದದ್ದು ಮುಂದಿನ ವರ್ಷ ಫೆಬ್ರವರಿಗೆ 1500 ದಾಟ್ತು. ನಮ್ಮ ಬಯರ್ ಎಲ್‌ಸಿ ಓಪನ್ ಮಾಡಿದ್ದು ಹಳೇ ರೇಟಲ್ಲಿ, ದುಡ್ಡು ಕಟ್ಟೋ ದಿನ ಬಂದಾಗ ಹೊಸ ರೇಟು, ಮೇಲಿಂದ ಸೆಂಟ್ರಲ್ ಬ್ಯಾಂಕ್ ಅವರ ಬ್ಯಾಂಕಿಗೆ ಕೊಡ್ತೀನಿ ಅಂದಿದ್ದ ಡಾಲರ್ ಕೊಡ್ಲೇ ಇಲ್ಲ. ಆಗ ಅಲ್ಲಿ ಒಟ್ಟು 7 ಬಿಲಿಯನ್ ಡಾಲರ್ ಬಾಕಿ ಬಿದ್ದಿತ್ತು ಅಂತ ಅವರ ಸೆಂಟ್ರಲ್ ಬ್ಯಾಂಕೇ ಆಮೇಲೆ ಹೇಳ್ತು. ನಮ್ಮದು 90 ದಿನದ ಯೂಸನ್ಸ್ ಎಲ್‌ಸಿ, ಅಂದ್ರೆ ದುಡ್ಡು ಬರೋದು 90 ದಿನ ಆದ ಮೇಲೆ, ಡ್ಯೂ ಡೇಟ್ ದಿನ ಬೆಳಿಗ್ಗೆ ಭಾವ ಮಾತೇ ಆಡಿರ್ಲಿಲ್ಲ, ಫ್ಯಾಕ್ಟರಿಯವರಿಗೆ ಕೊಡಬೇಕಾದ ಚೆಕ್ಕು ಟೇಬಲ್ ಮೇಲೆ. ಮಧ್ಯಾಹ್ನದೊಳಗೆ ಅಕೌಂಟಿಗೆ ಪೂರ್ತಿ ದುಡ್ಡು ಬಂತು. ಲೇಗೋಸ್ ಬ್ಯಾಂಕಿಂದ ನಮ್ಮ ಬ್ಯಾಂಕಿಗೆ ಬಂದದ್ದು ಎಷ್ಟೋ ತಿಂಗಳಾದ ಮೇಲೆ. ಆ ನಡುವೆ ಬ್ಯಾಂಕಿನವರು ನಮಗೆ ಒಂದು ಫೋನೂ ಮಾಡಿ ಕಿರಿಕಿರಿ ಮಾಡ್ಲಿಲ್ಲ, ಅದು ಅವರ ರಿಸ್ಕು, ಅದಕ್ಕೇ ಫೀಸು ತಗೊಂಡಿದ್ದು. ಅವತ್ತಿಂದ ಭಾವ ಫೀಸಿನ ಬಗ್ಗೆ ಮಾತೆತ್ತಿಲ್ಲ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷ್ಯ. ಇಲ್ಲಿನ ಬ್ಯಾಂಕು ಆ ರಿಸ್ಕ್ ತಗೊಳ್ಳೋಕೆ ಧೈರ್ಯ ಎಲ್ಲಿಂದ ಬರತ್ತೆ? ಹಿಂದೆ ಇನ್ನೊಬ್ರು ನಿಂತಿರ್ತಾರೆ. ವರ್ಲ್ಡ್ ಬ್ಯಾಂಕ್ ಗುಂಪಿನ ಐಎಫ್‌ಸಿ 2005ರಿಂದ ಒಂದು ಟ್ರೇಡ್ ಫೈನಾನ್ಸ್ ಪ್ರೋಗ್ರಾಮ್ ನಡೆಸ್ತಿದೆ, ಎಲ್‌ಸಿ ಕೊಟ್ಟ ಬ್ಯಾಂಕು ದುಡ್ಡು ಕೊಡದೆ ಹೋದ್ರೆ ಕನ್ಫರ್ಮ್ ಮಾಡಿದ ಬ್ಯಾಂಕಿಗೆ ಅವರು ಗ್ಯಾರಂಟಿ, ನೈಜೀರಿಯಾದ ಹಲವು ದೊಡ್ಡ ಬ್ಯಾಂಕ್‌ಗಳು ಇದರಲ್ಲಿವೆ. ಕೈರೋದಲ್ಲಿರೋ ಆಫ್ರೆಕ್ಸಿಮ್‌ಬ್ಯಾಂಕೂ (ಆಫ್ರಿಕಾದ ಎಕ್ಸ್‌ಪೋರ್ಟ್-ಇಂಪೋರ್ಟ್ ಬ್ಯಾಂಕು) ಇಂಥದ್ದೇ ಮಾಡತ್ತೆ. ಮತ್ತೆ ನಮ್ಮದೇ ಕಫ್ ಪರೇಡ್‌ನ ಎಕ್ಸಿಮ್ ಬ್ಯಾಂಕ್, ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿರೋದು, ಅವರೂ ಟ್ರೇಡ್ ಅಸಿಸ್ಟೆನ್ಸ್ ಪ್ರೋಗ್ರಾಮ್ ಅಂತ ಇಟ್ಕೊಂಡಿದಾರೆ, ಆಫ್ರಿಕಾ ಕಡೆ ಬೇರೆ ಬ್ಯಾಂಕ್‌ಗಳು ರಿಸ್ಕ್ ತಗೊಳೋ ಲಿಮಿಟ್ ಕಮ್ಮಿ ಇರೋ ಬ್ಯಾಂಕ್‌ಗಳ ಎಲ್‌ಸಿಗೆ ಬೆಂಬಲ ಕೊಡೋಕೆ. ಪೇಪರಲ್ಲಿ "ವಿದೇಶಿ ಹಣಕಾಸು ಸಹಕಾರ" ಅಂತ ಬಂದ್ರೆ ನಾವು ಪುಟ ತಿರುಗಿಸ್ತೀವಿ, ಅದು ದೊಡ್ಡೋರ ಮಾತು ಅಂತ, ಆದ್ರೆ ನಮ್ಮ ಫೀಸು ಎಷ್ಟು ಅನ್ನೋದು ಅಲ್ಲೇ ತೀರ್ಮಾನ ಆಗೋದು. ಹಾಗಾಗಿ ಬ್ಯಾಂಕಿಗೆ ಹೋದಾಗ "ಈ ಎಲ್‌ಸಿಗೆ ಐಎಫ್‌ಸಿ ಕವರ್ ಇದೆಯಾ, ಎಕ್ಸಿಮ್ ಸಪೋರ್ಟ್ ಸಿಗತ್ತಾ" ಅಂತ ಬಾಯ್ಬಿಟ್ಟು ಕೇಳಿ. ಕೇಳಿದ್ರೆ ರೇಟ್ ಇಳಿಯೋ ಚಾನ್ಸ್ ಇದೆ, ಕೇಳದೆ ಹೋದ್ರೆ ಅವರಾಗಿ ಹೇಳೋದು ಕಮ್ಮಿ.

2024ರಿಂದ ಫೀಸು ಇಳಿತಾ ಬಂತು, ಯಾಕೆ ಅಂತ ನಾನು ಆ ದೇಶದ ಸುದ್ದಿ ಜೊತೆ ಇಟ್ಟು ನೋಡ್ತಾ ಬಂದೆ. 2023ರ ಸೆಪ್ಟೆಂಬರ್‌ನಲ್ಲಿ ಕಾರ್ಡೋಸೋ ಅನ್ನೋರು ಸೆಂಟ್ರಲ್ ಬ್ಯಾಂಕ್ ಗವರ್ನರ್ ಆಗಿ ಬಂದ್ರು, ಅಕ್ಟೋಬರ್‌ನಲ್ಲಿ 2015ರ ಆ ಐಟಂ ಲಿಸ್ಟಿನ ನಿರ್ಬಂಧ ತೆಗೆದ್ರು. ಬಾಕಿ ಇದ್ದ 7 ಬಿಲಿಯನ್‌ನ ಡೆಲಾಯ್ಟ್ ಹತ್ರ ಆಡಿಟ್ ಮಾಡಿಸಿದ್ರೆ 2.4 ಬಿಲಿಯನ್‌ನ ಕ್ಲೇಮು ಸರಿ ಇಲ್ಲ ಅಂತ ಬಂತು, ಉಳಿದದ್ದನ್ನ ಕೊಟ್ಟು ಮುಗಿಸಿದೀವಿ ಅಂತ 2024ರ ಮಾರ್ಚ್‌ನಲ್ಲಿ ಹೇಳಿದ್ರು. ಆಫ್ರೆಕ್ಸಿಮ್‌ಬ್ಯಾಂಕ್ ಮುಂದಾಳತ್ವದಲ್ಲಿ ಎಣ್ಣೆ ಅಡ ಇಟ್ಟು 3.3 ಬಿಲಿಯನ್ ಸಾಲ, 2024ರ ಜೂನ್‌ನಲ್ಲಿ ವರ್ಲ್ಡ್ ಬ್ಯಾಂಕಿಂದ 2.25 ಬಿಲಿಯನ್, ಡಿಸೆಂಬರ್‌ನಲ್ಲಿ ಯೂರೋಬಾಂಡ್‌ನಲ್ಲಿ (ವಿದೇಶಿ ಹೂಡಿಕೆದಾರರಿಗೆ ಮಾರೋ ಡಾಲರ್ ಬಾಂಡ್) 2.2 ಬಿಲಿಯನ್. ಚೀನಾ ಜೊತೆ 2018ರಲ್ಲಿ ಮಾಡಿಕೊಂಡಿದ್ದ 15 ಬಿಲಿಯನ್ ಯುವಾನ್ ಕರೆನ್ಸಿ ಸ್ವಾಪ್‌ನ (ಒಬ್ಬರ ಕರೆನ್ಸಿ ಇನ್ನೊಬ್ಬರಿಗೆ ಕೊಟ್ಟು ತಗೊಳೋ ಒಪ್ಪಂದ) ಮತ್ತೆ ರಿನ್ಯೂ ಮಾಡಿದ್ರು. ದೇಶದ ವಿದೇಶಿ ಕರೆನ್ಸಿ ರಿಸರ್ವ್ 40 ಬಿಲಿಯನ್ ಡಾಲರ್ ದಾಟ್ತು. ಕೋವಿಡ್ ಟೈಮಲ್ಲಿ ಐಎಂಎಫ್ ಕೊಟ್ಟಿದ್ದ 3.4 ಬಿಲಿಯನ್ 2025ರಲ್ಲಿ ತೀರಿಸಿದ್ರು. ಅದೇ ವರ್ಷ ಫಿಚ್, ಮೂಡೀಸ್ ಎರಡೂ ರೇಟಿಂಗ್ ಏರಿಸಿದ್ವು, ಅಕ್ಟೋಬರ್‌ನಲ್ಲಿ ಎಫ್‌ಎಟಿಎಫ್ (ಕಪ್ಪುಹಣದ ವಹಿವಾಟಿನ ಮೇಲೆ ಕಣ್ಣಿಡೋ ಅಂತರರಾಷ್ಟ್ರೀಯ ಸಂಸ್ಥೆ) ಗ್ರೇ ಲಿಸ್ಟಿಂದ ಹೊರಗೆ ಬಂದ್ರು. ಈ ಗ್ರೇ ಲಿಸ್ಟ್ ವಿಷ್ಯ ನಮ್ಮಂಥವರಿಗೆ ರೇಟಿಂಗ್‌ಗಿಂತ ಜಾಸ್ತಿ ತಾಗತ್ತೆ, ಆ ಲಿಸ್ಟಲ್ಲಿದ್ದಾಗ ಒಂದೊಂದು ಪೇಮೆಂಟಿಗೂ ಕಂಪ್ಲಯನ್ಸ್‌ನವರು ಹತ್ತು ಪೇಪರ್ ಕೇಳ್ತಾರೆ. ಈಗ ನಮಗೆ ಕೊಡೋ ರೇಟು 2023ರಲ್ಲಿ ಇದ್ದದ್ದಕ್ಕಿಂತ ಬಹಳ ಕಮ್ಮಿ.

ಡಾಂಗೋಟೆ ರಿಫೈನರಿಯನ್ನೂ ಇಲ್ಲಿ ಸೇರಿಸಲೇಬೇಕು, ದಿನಕ್ಕೆ 6.5 ಲಕ್ಷ ಬ್ಯಾರೆಲ್‌ದು, ಲೇಗೋಸ್ ಹತ್ರ ಲೆಕ್ಕಿಯಲ್ಲಿ. 2024ರ ಜನವರಿಯಿಂದ ಶುರುವಾಗಿದೆ. ಅದರ ಕಟ್ಟೋ ಕೆಲಸದಲ್ಲಿ ನಮ್ಮ ಇಂಜಿನಿಯರ್ಸ್ ಇಂಡಿಯಾ ಲಿಮಿಟೆಡ್ ಇತ್ತು, ಹೆಮ್ಮೆ ಪಡೋ ವಿಷ್ಯ. 2024ರ ಅಕ್ಟೋಬರ್‌ನಿಂದ ಅದಕ್ಕೆ ಕಚ್ಚಾ ಎಣ್ಣೆಯನ್ನ ನೈರಾದಲ್ಲೇ ಮಾರೋಕೆ ಶುರು ಮಾಡಿದ್ರು. ಪೆಟ್ರೋಲ್ ತರೋಕೆ ಹೋಗ್ತಿದ್ದ ಡಾಲರ್ ಉಳಿದ್ರೆ ಔಷಧಿಗೆ ಡಾಲರ್ ಸಿಗತ್ತೆ, ಲೆಕ್ಕ ಇಷ್ಟೇ ಸಿಂಪಲ್.

ಆದ್ರೆ ಇದನ್ನೆಲ್ಲ ಚೇತರಿಕೆ ಅಂತ ಸುಲಭವಾಗಿ ಹೇಳಿಬಿಡೋಕೆ ನನಗೆ ಬಾಯಿ ಬರಲ್ಲ. ನಮ್ಮ ಬಯರ್ ಫೋನಲ್ಲಿ ಹೇಳೋದು ಕೇಳಿದೀನಿ. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಹಣದುಬ್ಬರ 34.8 ಪರ್ಸೆಂಟ್. ಔಷಧಿ ಕಂಪನಿ ಜಿಎಸ್‌ಕೆ 2023ರಲ್ಲಿ ಅಲ್ಲಿನ ಕಾರೋಬಾರು ಮುಚ್ಚೋದಾಗಿ ಹೇಳ್ತು, ಜನ ದಿನಾ ತಗೊಳೋ ಇನ್‌ಹೇಲರ್, ಆಂಟಿಬಯೋಟಿಕ್ ರೇಟು ಸಿಕ್ಕಾಪಟ್ಟೆ ಏರ್ತು. ಬಿಪಿ ಮಾತ್ರೆ ತಿಂಗಳಿಗೆ ತಗೊಳ್ತಿದ್ದೋರು ಎರಡು ಶೀಟ್ ಮಾತ್ರ ತಗೊಂಡು ಹೋಗ್ತಾರೆ ಅಂತ ಅವರು ಹೇಳಿದಾಗ ನಾನೂ ಭಾವನೂ ಮುಖ ಮುಖ ನೋಡ್ಕೊಂಡ್ವಿ. ಸೆಂಟ್ರಲ್ ಬ್ಯಾಂಕಿನ ಪುಸ್ತಕದಲ್ಲಿ ಲೆಕ್ಕ ಸರಿ ಆದದ್ದಕ್ಕೆ ಬೆಲೆ ಕೊಟ್ಟೋರು ಆ ಜನ. ಸಬ್ಸಿಡಿ ತೆಗೀಬೇಕಿತ್ತು ಅಂತ ನಾನೂ ಹೇಳ್ತೀನಿ, ಆದ್ರೆ ತೆಗೆದ ದಿನ ಬಡವರ ಕೈಗೆ ಬೇರೆ ಏನಾದ್ರೂ ತಲುಪೋ ವ್ಯವಸ್ಥೆ ಮೊದಲೇ ಮಾಡಿರ್ಬೇಕಿತ್ತು. 2025ರಲ್ಲಿ ಹಣದುಬ್ಬರದ ಇಂಡೆಕ್ಸ್ ಲೆಕ್ಕವನ್ನೇ ಹೊಸದು ಮಾಡಿದ್ರು, ಆ ಹೊಸ ಲೆಕ್ಕದಲ್ಲಿ ಆ ವರ್ಷದ ಸೆಪ್ಟೆಂಬರ್‌ಗೆ 18 ಪರ್ಸೆಂಟ್ ಹತ್ರ ಬಂದಿತ್ತು, ಇಳಿದಿರೋದು ನಿಜ, ಆದ್ರೆ ಏರಿದ ಬೆಲೆ ವಾಪಸ್ ಬರಲ್ಲ.

ಸರಿ, ಕಟ್ ಮಾಡಿದ ಸ್ಟಾರ್ ವಿಷ್ಯಕ್ಕೆ ಬರ್ತೀನಿ. ಡಾಕ್ಯುಮೆಂಟ್ಸ್ ಚೆಕ್ ಮಾಡೋದರಲ್ಲಿ ಈ ಬ್ಯಾಂಕು ನಿಧಾನ, ಅದಕ್ಕಿಂತ ಜಾಸ್ತಿ ಬೇಜಾರು ಅಂದ್ರೆ ತಪ್ಪುಗಳನ್ನ ಒಟ್ಟಿಗೆ ಹೇಳಲ್ಲ. ಯುಸಿಪಿ 600 (ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮ) ಪ್ರಕಾರ ಪೇಪರ್ ಕೊಟ್ಟ ಮೇಲೆ ನೋಡೋಕೆ ಬ್ಯಾಂಕಿಗೆ ಹೆಚ್ಚಂದ್ರೆ 5 ಬ್ಯಾಂಕಿಂಗ್ ದಿನ, ಇವರು ಆ ಐದೂ ದಿನ ತಗೊಳ್ತಾರೆ, ಅದರ ಮೊದಲು ಅನ್‌ಅಫೀಶಿಯಲ್ ಆಗಿ ಪ್ರೀ-ಚೆಕ್ ಅಂತ ಕೊಟ್ರೆ ಇವತ್ತು ಪ್ಯಾಕಿಂಗ್ ಲಿಸ್ಟಲ್ಲಿ ಬ್ಯಾಚ್ ನಂಬರ್ ಸರಿ ಮಾಡಿ ಅಂತ ಮೇಲ್, ನಾಳೆ ಸಾಯಂಕಾಲ ಬಿಲ್ ಆಫ್ ಲೇಡಿಂಗ್‌ನಲ್ಲಿ (ಬಿಎಲ್, ಮಾಲು ಹಡಗಿಗೆ ಹಾಕಿದ್ದಕ್ಕೆ ಶಿಪ್ಪಿಂಗ್ ಲೈನ್ ಕೊಡೋ ಪತ್ರ) ಅಡ್ರೆಸ್‌ನ ಒಂದು ಅಕ್ಷರ ಅಂತ ಇನ್ನೊಂದು ಮೇಲ್. ಶಿಪ್ಪಿಂಗ್ ಲೈನ್‌ನವರ ಹತ್ರ ಬಿಎಲ್ ತಿದ್ದಿಸೋಕೆ ಬೇಲಾಪುರ್‌ಗೋ ಅಂಧೇರಿಗೋ ಓಡಬೇಕು, ಶಿಪ್‌ಮೆಂಟ್ ಆಗಿ 21 ದಿನದೊಳಗೆ ಪೇಪರ್ ಕೊಡ್ಲೇಬೇಕು, ಆ ಟೈಮಲ್ಲಿ ಕಂತು ಕಂತಾಗಿ ಹೇಳಿದ್ರೆ ಜೀವ ಹೋಗತ್ತೆ. ನೆನಪಿರ್ಲಿ, ಕನ್ಫರ್ಮೇಶನ್ ಅನ್ನೋದು ಪೇಪರ್ ಸರಿ ಇದ್ರೆ ಮಾತ್ರ, ಡಿಸ್‌ಕ್ರಿಪೆನ್ಸಿ (ಪೇಪರಲ್ಲಿ ಎಲ್‌ಸಿಗೆ ಹೊಂದದ ತಪ್ಪು) ಬಂತು ಅಂದ್ರೆ ಕೊಟ್ಟ ಫೀಸಿಗೆ ಏನೂ ಅರ್ಥ ಇಲ್ಲ, ಮತ್ತೆ ಲೇಗೋಸ್‌ನವರ ಮರ್ಜಿ. ಇನ್ನೊಂದು, ಆ ಹುಬ್ಬಳ್ಳಿ ಮೇಡಂ ಟ್ರಾನ್ಸ್‌ಫರ್ ಆದ ಮೇಲೆ ಬಂದ ರಿಲೇಶನ್‌ಶಿಪ್ ಮ್ಯಾನೇಜರ್‌ಗಳು ಬೇಗ ಬೇಗ ಬದಲಾಗ್ತಾರೆ, ಪ್ರತಿಯೊಬ್ಬರಿಗೂ ಮೊದಲಿಂದ ಹೇಳ್ಬೇಕು.

ಯಾರಿಗೆ ಇದು ಬೇಡ ಅಂತಾನೂ ಹೇಳ್ತೀನಿ. ಸಣ್ಣ ಪಾರ್ಸೆಲ್ ಕಳಿಸೋರಿಗೆ ಮಿನಿಮಮ್ ಚಾರ್ಜ್‌ಗಳೇ ಲಾಭ ತಿಂದುಬಿಡ್ತವೆ, ಅವರು ಅಡ್ವಾನ್ಸ್ ತಗೊಂಡು ಕಳಿಸೋದು ಒಳ್ಳೇದು. ಬಹಳ ಬಯರ್‌ಗಳು, ಬೇರೆ ಬೇರೆ ದೇಶ ಇರೋರಿಗೆ ಇಸಿಜಿಸಿಯ ಎಕ್ಸ್‌ಪೋರ್ಟ್ ಇನ್ಶೂರೆನ್ಸ್ ಪಾಲಿಸಿ ಹೊಂದತ್ತೆ, ಅದು ಸರ್ಕಾರದ ಕಂಪನಿ, 1957ರಿಂದ ಇದೆ, ಹೆಡ್ ಆಫೀಸ್ ಅಂಧೇರಿ ಈಸ್ಟಲ್ಲೇ. ಬಯರ್ ಮುಳುಗಿದ್ರೂ ಕವರ್, ಆ ದೇಶ ದುಡ್ಡು ಹೊರಗೆ ಬಿಡದೆ ಹೋದ್ರೂ ಕವರ್, ಆದ್ರೆ ನಷ್ಟದ ಪೂರ್ತಿ ಬರಲ್ಲ, ಪಾಲಿಸಿಯಲ್ಲಿರೋ ಪರ್ಸೆಂಟ್ ಅಷ್ಟೇ, ಮತ್ತೆ ಕ್ಲೇಮ್‌ಗೆ ಕಾಯೋ ಅವಧಿ ಇದೆ. ಕಾಯೋ ಶಕ್ತಿ ಇರೋರಿಗೆ ಅದು, ಫ್ಯಾಕ್ಟರಿಗೆ ಡೇಟಿಗೆ ಸರಿಯಾಗಿ ಚೆಕ್ ಕೊಡಬೇಕಾದ ನಮ್ಮಂಥವರಿಗೆ ಕನ್ಫರ್ಮೇಶನ್. ರಿಸರ್ವ್ ಬ್ಯಾಂಕು 2025ರ ನವೆಂಬರ್‌ನಲ್ಲಿ ಎಕ್ಸ್‌ಪೋರ್ಟ್ ದುಡ್ಡು ತರಿಸೋ ಗಡುವನ್ನ 9 ತಿಂಗಳಿಂದ 15 ತಿಂಗಳಿಗೆ ಏರಿಸಿದೆ, ಅದು ಉಸಿರಾಡೋಕೆ ಜಾಗ ಕೊಟ್ಟಂಗಾಯ್ತು ನಿಜ, ಆದ್ರೆ ಅದನ್ನ ನಂಬ್ಕೊಂಡು ಓಪನ್ ಅಕೌಂಟಲ್ಲಿ ಬಿಡಬೇಡಿ.

2024ರ ಏಪ್ರಿಲ್‌ನಲ್ಲಿ ಅಬುಜಾದಲ್ಲಿ ಎರಡೂ ದೇಶದವರು ಕೂತು ರೂಪಾಯಿ-ನೈರಾದಲ್ಲೇ ಲೆಕ್ಕ ಚುಕ್ತಾ ಮಾಡೋ ಒಪ್ಪಂದ ಬೇಗ ಮುಗಿಸೋಣ ಅಂದಿದ್ರು. ಅದು ಸರಿಯಾಗಿ ಜಾರಿಗೆ ಬಂದ್ರೆ ನಾನು ಈ ರಿವ್ಯೂನ ಮತ್ತೆ ಬರೀತೀನಿ. ಅಲ್ಲೀತನಕ ಕೊಟೇಶನ್ ಕೊಡೋ ಮೊದಲು ಬ್ರೆಂಟ್ ರೇಟು ನೋಡ್ಕೊಳಿ. ನೈಜೀರಿಯಾ 2025ರ ಬಜೆಟ್ ಮಾಡಿದ್ದು ಬ್ಯಾರೆಲ್‌ಗೆ 75 ಡಾಲರ್, ದಿನಕ್ಕೆ 20 ಲಕ್ಷಕ್ಕಿಂತ ಹೆಚ್ಚು ಬ್ಯಾರೆಲ್ ಅಂತ ಹಿಡಿದು, ವರ್ಷದ ಕೊನೆಗೆ ಬ್ರೆಂಟ್ ಇದ್ದದ್ದು 60-65 ಆಸುಪಾಸು, ಉತ್ಪಾದನೆಯೂ ಅಷ್ಟು ಮುಟ್ಟಿರ್ಲಿಲ್ಲ. ಇಂಥ ಗ್ಯಾಪ್ ದೊಡ್ಡದಾಗ್ತಾ ಹೋದ್ರೆ ಫೀಸು ಮತ್ತೆ ಏರತ್ತೆ, ಹಾಗಾಗಿ ಪ್ರೊಫಾರ್ಮಾ ಇನ್‌ವಾಯ್ಸ್‌ನಲ್ಲೇ "ಕನ್ಫರ್ಮೇಶನ್ ಚಾರ್ಜಸ್ ಅಪ್ಲಿಕಂಟ್ ಅಕೌಂಟ್" (ಅಂದ್ರೆ ಈ ಫೀಸು ಬಯರ್ ಲೆಕ್ಕಕ್ಕೆ) ಅಂತ ಹಾಕಿಸಿ, ಬಯರ್ ಒಪ್ಪದಿದ್ರೆ ಅರ್ಧ ಅರ್ಧ ಅಂತ ಮಾತಾಡಿ, ಒಪ್ಪಿಗೆ ಮೇಲ್‌ನಲ್ಲಿ ತಗೊಂಡ ಮೇಲೇನೇ ಫ್ಯಾಕ್ಟರಿಗೆ ಆರ್ಡರ್ ಹಾಕಿ.